ಸಹಿ ಖಾನೆ

ರಾತ್ರಿ ಎರಡೂ ಹತ್ತಕ್ಕೆ ಮಾನ್ವಿ ಕಡೆಯಿಂದ ಬಂತು ಕೂಸು,
ವಾಂತಿ ಭೇದಿಗೆ ಬತ್ತಿ
ಅತ್ತರೂ ಕಣ್ಣೀರಿಲ್ಲ.
ಮೂರು ಕಡೆ ಚುಚ್ಚಿ ಸೋತ ಹುಲಿಗೆಮ್ಮ
ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ನಾನು.
ಒರೆಸುವ ಬಟ್ಟೆ ಬಕೆಟ್ಟಿಗೆ ಬಿಟ್ಟು
ಕೈ ತೊಳೆದೆ, ಮೊಣಕೈವರೆಗೆ, ಕಲಿತಂತೆ.
ಕಾಲಿನ ಒಳಗಂಟಿನ ಮುಂದೆ ಒಂದು ನರ ಇರುತ್ತದೆ,
ಕಣ್ಣಿಗೆ ಕಾಣದ್ದು, ಬೆರಳಿಗೆ ಗೊತ್ತಿರುವುದು.
ಸೂಜಿಯ ಹಿಂದೆ ಒಂದು ಹನಿ ಕೆಂಪು ಬಂದು ನಿಂತಿತು.
ಸಲೈನು ಇಳಿಯತೊಡಗಿತು.

ರಿಜಿಸ್ಟರಿನಲ್ಲಿ ಒಂದು ಖಾನೆ: ಹಾಕಿದವರು.
ಹುಲಿಗೆಮ್ಮ ತನ್ನ ಹೆಸರು ಬರೆದಳು.
‘ಅಕ್ಕಾ, ತಪ್ಪು ತಿಳೀಬ್ಯಾಡ್ರಿ’ ಅಂದಳು, ತಲೆ ಎತ್ತದೆ.
ನಾನು ಬಕೆಟ್ಟಿನ ನೀರು ಚೆಲ್ಲಲು ಹೋದೆ.

ಹನ್ನೊಂದು ವರ್ಷ ನರ್ಸು. ಹದಿನಾಲ್ಕು ತಿಂಗಳಿಂದ ಆಯಾ.
ಗಂಡನಿಗೆ ಶಕ್ತಿನಗರದ ಬಾಯ್ಲರಿನ ಹತ್ತಿರ ಗುತ್ತಿಗೆ ಕೆಲಸ ಸಿಕ್ಕಿತು,
ಗದ್ವಾಲ ಬಿಟ್ಟು ರಾಯಚೂರಿಗೆ ಬಂದೆ, ಅಷ್ಟೇ.
ನಡುವೆ ಒಂದು ನದಿಯೂ ಇಲ್ಲ.
ಎರಡೂ ಕಡೆ ಅದೇ ಎರಿ ಹೊಲ, ಅದೇ ಹತ್ತಿ,
ಬಸ್ಸಿನ ಕಿಟಕಿಯಲ್ಲಿ ಅಕ್ಷರ ಬದಲಾದಾಗ
ಓಹೋ, ದಾಟಿದೆವು ಅಂದುಕೊಳ್ಳಬೇಕು.

ಬೆಂಗಳೂರಿನ ಕೌಂಟರು ಅಂದಿತು: ಹೈದರಾಬಾದಿನಿಂದ ಎನ್‌ಓಸಿ ತನ್ನಿ.
ಹೈದರಾಬಾದು ಅಂದಿತು: ನೀವು ಓದಿದ್ದು ಕರ್ನೂಲಿನಲ್ಲಿ,
ಕರ್ನೂಲು ಈಗ ನಮ್ಮದಲ್ಲ, ವಿಜಯವಾಡಕ್ಕೆ ಹೋಗಿ.
ವಿಜಯವಾಡ ಅಂದಿತು: ಊರು ಗದ್ವಾಲ ಅಂತಿದೆಯಲ್ಲಮ್ಮಾ,
ಫೈಲು ಅಲ್ಲೇ ಉಳಿದಿರಬೇಕು, ಹೈದರಾಬಾದಿನಲ್ಲಿ.
ಊಟದ ಹೊತ್ತಾಗಿತ್ತು. ಕಿಟಕಿ ಮುಚ್ಚಿದರು.
ಮೂರೂ ಕಡೆ ಯಾರೂ ಕೆಟ್ಟವರಲ್ಲ.
ಒಬ್ಬರು ಕೂರಲು ಸ್ಟೂಲು ಸಹ ಕೊಟ್ಟರು.

ರಾಜ್ಯ ಎರಡಾದ ರಾತ್ರಿ ನಾನು ಡ್ಯೂಟಿಯಲ್ಲಿದ್ದೆ.
ಹನ್ನೆರಡಕ್ಕೆ ಹೊರಗೆ ಪಟಾಕಿ,
ಒಳಗೆ ಒಂಬತ್ತನೇ ಮಂಚದ ಮುದುಕ ನೀರು ಕೇಳಿದ, ಕೊಟ್ಟೆ.
ನನ್ನ ನಂಬರು ಯಾವ ಕಡೆ ಬಿತ್ತು ಅಂತ
ಆಗಲೇ ಎದ್ದು ಹೋಗಿ ನೋಡಬೇಕಿತ್ತೇನೋ.

ನಮ್ಮಜ್ಜಿ ದೇವಮ್ಮ ಹುಟ್ಟಿದಾಗ
ಗದ್ವಾಲ ರಾಯಚೂರು ಜಿಲ್ಲೆಯ ಒಂದು ತಾಲೂಕು.
ಅದೇ ಮನೆ, ಅದೇ ಒಲೆ,
ಒಂದು ಅರ್ಜಿ ಬರೆಯದೆ ಮೂರು ರಾಜ್ಯದಲ್ಲಿ ಬಾಳಿದಳು.
ನಾನು ಅವಳ ಹಳೇ ಜಿಲ್ಲೆಗೆ ವಾಪಸು ಬಂದವಳು
ಅಂತ ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ.

ಹೆಸರಿನದು ಬೇರೆ ಕಥೆ.
ಕರ್ನೂಲಿನ ಹಾಳೆಯಲ್ಲಿ ನಾನು ಗಂಟಾ ಸುವಾರ್ತ, ಮನೆತನ ಮುಂದೆ.
ಆಧಾರಿನಲ್ಲಿ ಸುವಾರ್ತಮ್ಮ ಜಿ, ಮನೆತನ ಬಾಲ.
ಚರ್ಚಿನ ಮದುವೆ ಪತ್ರದಲ್ಲಿ ಶ್ರೀಮತಿ ಪ್ರಭುದಾಸ್, ನಾನೇ ಇಲ್ಲ.
ಮೂವರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಹೇಳಿಸಲು
ತೀನ್ ಕಂದೀಲ್ ಹತ್ತಿರ ಖಾದ್ರಿ ವಕೀಲರಲ್ಲಿ ಹೋದೆ.
‘ಈ ಮೂವರಾಗ ಯಾರಮ್ಮಾ ಬಂದು ಕುಂತಿರೋದು?’
ನಗಿಸಲೆಂದೇ ಕೇಳಿದರು.
ನಗಲು ಸ್ವಲ್ಪ ತಡವಾಯಿತು.

ಈಗ ಸದ್ವರ್ತನೆಯ ಪತ್ರ ಬೇಕಂತೆ,
ನನ್ನ ನಡತೆ ನೆಟ್ಟಗಿದೆ ಅಂತ
ನನ್ನನ್ನು ನೋಡದವರು ಬರೆದು
ನೋಡದವರಿಗೆ ಕಳಿಸಬೇಕು. ನನ್ನ ಕೈಯಲ್ಲಿ ಕೊಡುವಂತಿಲ್ಲ.
ಕೊಡಬೇಡಿ. ಕೈಗಳಿಗೆ ಬೇರೆ ಕೆಲಸವಿದೆ.
ತಿಂಗಳಿಗೆ ಏಳು ಸಾವಿರದ ಕೆಲಸ.

ಐದು ಗಂಟೆಗೆ ಕೂಸಿನ ತುಟಿ ಹಸಿಯಾಯಿತು.
ತಾಯಿ ಗೋಡೆಗೊರಗಿ ನಿದ್ದೆ ಹೋಗಿದ್ದಳು,
ನಾನು ಎತ್ತಿಕೊಂಡಿದ್ದೆ.
ಬೆಚ್ಚಗೆ, ಒಮ್ಮೆಲೇ, ಉಚ್ಚೆ ಹೊಯ್ದಿತು ಸೀರೆಯ ಮೇಲೆ.
ಇಡೀ ರಾತ್ರಿ ಕಾದದ್ದು ಅದಕ್ಕೇ.
‘ಹುಲಿಗೆಮ್ಮಾ, ಬರಿ’ ಅಂದೆ.
ಓಡಿ ಬಂದಳು, ಪೆನ್ನು ತೆರೆದು, ‘ಎಷ್ಟಕ್ಕಾ?’
ಸೆರಗು ಹಿಂಡುವಷ್ಟು ಎಂದು ಬರೆಯಲು ಬರುವುದಿಲ್ಲ.
‘ಐವತ್ತು ಎಂಎಲ್ ಹಾಕು.’
ಹಾಕಿದಳು. ಸಮಯ ಬರೆದಳು.
ಸಹಿ ಮಾಡಿದಳು.